ಮರಕ್ಕೂ ಹಿತ್ತಾಳೆಗೂ ನಡುವೆ

ದೋಣಿಯ ಹೊಟ್ಟೆಗೆ ತೂತು ಕೊರೆಯುವುದು ಯಾರ ಕೆಲಸ, ಕೊರೆದ ತೂತಿಗೆ ಹಿತ್ತಾಳೆ ಕೂರಿಸುವುದು ಯಾರ ಕೆಲಸ ಎಂಬುದರಲ್ಲಿ ಆ ಅಕ್ಕ ತಮ್ಮನ ನಡುವೆ ಎಳ್ಳಷ್ಟೂ ಗೊಂದಲವಿರಲಿಲ್ಲ. ತೂತು ತಮ್ಮನದು, ಹಿತ್ತಾಳೆ ಅಕ್ಕನದು. ಅವರಪ್ಪ ಸಾಯುವ ಮುಂಚೆ ಹಾಗೆ ಪಾಲು ಮಾಡಿ ಹೋಗಿದ್ದ. ಇದ್ದದ್ದು ಒಂದೇ ಮೀನುಗಾರಿಕೆ ದೋಣಿ, ಮಕ್ಕಳು ಇಬ್ಬರು. "ಮರ ಎಲ್ಲಾ ಅವನಿಗೆ, ಯಂತ್ರ ಎಲ್ಲಾ ಅವಳಿಗೆ" ಎಂದುಬಿಟ್ಟ. ಹಲಗೆಯಿಲ್ಲದೆ ಎಂಜಿನ್ ತೇಲುವುದಿಲ್ಲ, ಎಂಜಿನ್ ಇಲ್ಲದೆ ಹಲಗೆ ಓಡುವುದಿಲ್ಲ, ಆದ್ದರಿಂದ ಒಬ್ಬರನ್ನು ಬಿಟ್ಟು ಒಬ್ಬರು ಇರಲಾರರು ಎಂಬುದು ಮುದುಕನ ಎಣಿಕೆ. ಮಗನನ್ನು ಮೊಂಡ ಎಂದೂ ಮಗಳನ್ನು ಜಗಮೊಂಡಿ ಎಂದೂ ಕರೆಯುತ್ತಿದ್ದವನೇ ಅವನು. ಪಾಲು ಮಾಡುವಾಗ ಅದೊಂದನ್ನು ಮಾತ್ರ ಮರೆತ.

ಎರಡು ವರ್ಷ ಹೇಗೋ ನಡೆಯಿತು. ತಮ್ಮ ತನ್ನ ಹೆಂಡತಿಯನ್ನು ಕರೆದುಕೊಂಡು ಸಮುದ್ರಕ್ಕೆ ಹೋಗಿ ಬರುತ್ತಿದ್ದ, ಅಕ್ಕ ದಡದಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದಳು. ಬಂದರಿನ ಬೇರೆ ದೋಣಿಗಳ ರಿಪೇರಿಯೂ ಅವಳದೇ. ಐವತ್ತು ದಾಟಿದ ಅವಳನ್ನು ಎಲ್ಲರೂ ಮಿಸ್ತ್ರಿಯಕ್ಕ ಎನ್ನುತ್ತಿದ್ದರು. ಒಂದು ದಿನ ಅವಳು ಎಂಜಿನ್ನಿನ ಎಣ್ಣೆ ಬದಲಿಸುವಾಗ, ತಮ್ಮ ಆಗತಾನೇ ಬಣ್ಣ ಬಳಿದಿದ್ದ ಹಲಗೆಯ ಮೇಲೆ ಅಂಗೈಯಗಲ ಎಣ್ಣೆ ಚೆಲ್ಲಿತು.

"ಕಣ್ಣು ಕಾಣ್ಸಲ್ವಾ ನಿಂಗೆ?" ಎಂದ ತಮ್ಮ.

"ಎಂಜಿನ್ ಬುಡದಲ್ಲಿ ಹೋಗಿ ಬಣ್ಣ ಬಳಿಯೋನಿಗೆ ತಲೆ ಇಲ್ವಾ?" ಎಂದಳು ಅಕ್ಕ.

ಅಷ್ಟೇ. ಆ ಅಂಗೈಯಗಲದ ಕಲೆಗೆ ನಾಲ್ಕು ವರ್ಷ ಮಾತು ಬಿಟ್ಟರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಅವನು ಕೂತರೆ, ಆ ಮೂರರಲ್ಲೂ ಒಂದು ಕುಂಟು ಎಂದು ಕೂರುವವಳು ಇವಳು. ಆದರೆ ಕೆಲಸ ನಿಲ್ಲಬಾರದಲ್ಲ. ಅದಕ್ಕಾಗಿ ದೋಣಿಯ ಶೆಡ್ಡಿನ ಕಂಬಕ್ಕೆ ಒಂದು ಸ್ಲೇಟು ತೂಗುಹಾಕಿದರು. ಹೇಳಬೇಕಾದ್ದನ್ನೆಲ್ಲ ಅದರ ಮೇಲೆ ಬಳಪದಲ್ಲಿ ಬರೆಯುವುದು. ಅಕ್ಕ ಅಂತಿಲ್ಲ, ತಮ್ಮ ಅಂತಿಲ್ಲ. ಇವಳು ಅವನನ್ನು "ಹಲಗೆಯವರು" ಎಂದು ಬರೆದರೆ ಅವನು ಇವಳನ್ನು "ಯಂತ್ರದವರು" ಎಂದು ಬರೆಯುವನು. ತಮ್ಮನ ಹೆಂಡತಿ ಅದನ್ನು ಓದಿ ಓದಿ ಹಣೆ ಚಚ್ಚಿಕೊಳ್ಳುವಳು. "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತಂತೆ. ನಿಮ್ಮ ಜಗಳದಲ್ಲಿ ದೋಣಿ ಬಡವಾಗತ್ತೆ, ನೋಡ್ತಿರಿ" ಎಂದು ಎಷ್ಟೋ ಸಲ ಅಂದಿದ್ದಳು. ಯಾರು ಕೇಳಬೇಕು?

ಈ ಸಲ ಕೆಲಸ ದೊಡ್ಡದಿತ್ತು. ಎಂಜಿನ್ ಕಾಯದಂತೆ ಸಮುದ್ರದ ನೀರನ್ನು ಒಳಗೆ ಎಳೆದುಕೊಳ್ಳುವ ಹಳೆಯ ನೀರುಬಾಯಿ ಉಪ್ಪು ತಿಂದು ಸವೆದಿತ್ತು. ಅದನ್ನು ತೆಗೆದು ಮುಚ್ಚಿ, ತಳದ ಹಲಗೆಯಲ್ಲಿ ಬೇರೆ ಕಡೆ ತೂತು ಕೊರೆದು, ಹೊರಗಿನಿಂದ ಹೊಸ ಹಿತ್ತಾಳೆ ಬಾಯಿ ತೂರಿಸಿ, ಒಳಗಿನಿಂದ ನಟ್ಟು ಬಿಗಿಯಬೇಕು. ಅದರ ಮೇಲೊಂದು ವಾಲ್ವು, ವಾಲ್ವಿನಿಂದ ಪೈಪು, ಪೈಪಿನಿಂದ ಎಂಜಿನ್ನಿನ ಪಂಪು. ಅದಲ್ಲದೆ ದೋಣಿಯ ತಳದಲ್ಲಿ ಸೇರುವ ನೀರನ್ನು ಹೊರಗೆ ಚೆಲ್ಲಲು ಬ್ಯಾಟರಿಯ ಪಂಪೊಂದು, ಬ್ಯಾಟರಿ ಕೈಕೊಟ್ಟರೆ ಇರಲಿ ಎಂದು ಕೈಯಲ್ಲಿ ಒತ್ತುವ ಪಂಪೊಂದು.

"ಕೈಪಂಪಿಗೆ ಪಕ್ಕದ ಹಲಗೆಯಲ್ಲಿ ನಾಲ್ಕು ಬೋಲ್ಟಿನ ಜಾಗ ಬೇಕು" ಎಂದು ಅಕ್ಕ ಸ್ಲೇಟಿನಲ್ಲಿ ಬರೆದಳು. ಹತ್ತು ದಿನ ಬಿಟ್ಟು ಉತ್ತರ ಬಂತು: "ನಾಲ್ಕೇ." ಆಮೇಲೆ, "ಬ್ಯಾಟರಿ ತಳದಲ್ಲಿದ್ದರೆ ನೆನೆಯುತ್ತದೆ, ಮೇಲೊಂದು ಅಟ್ಟಣಿಗೆ ಬೇಕು" ಎಂದು ಬರೆದಳು. "ಅಟ್ಟಣಿಗೆಗೆ ಮರವಿಲ್ಲ" ಎಂದು ಬಂತು. ಶೆಡ್ಡಿನ ಮೂಲೆಯಲ್ಲಿ ಆಳೆತ್ತರ ಮರ ಒಟ್ಟಿತ್ತು. ಅವಳು ಹಲ್ಲು ಕಚ್ಚಿಕೊಂಡು ಬ್ಯಾಟರಿಯನ್ನು ತಳದಲ್ಲೇ ಇಟ್ಟಳು. ರೇಡಿಯೋಗೂ ಅದೇ ಬ್ಯಾಟರಿ.

ನೀರುಬಾಯಿಯ ಸರದಿ ಬಂದಾಗ ಸ್ಲೇಟಿನಲ್ಲಿ "ತೂತು ಆಗಿದೆ" ಎಂದಿತ್ತು. ಅವಳು ಒಬ್ಬಳೇ ಹೋಗಿ ಹಿತ್ತಾಳೆ ತೂರಿಸಿ ನೋಡಿದಳು. ಕೂದಲೆಳೆಯಷ್ಟೂ ಸಡಿಲವಿಲ್ಲ. ಅವನ ಕೈ ಒಳ್ಳೆಯದು ಎಂದು ಮನಸ್ಸಿನಲ್ಲೇ ಒಪ್ಪಿಕೊಂಡಳು, ಬರೆಯಲಿಲ್ಲ. ಮತ್ತೆ ಬಿಚ್ಚಲು ಬರುವಂತೆ ನಟ್ಟನ್ನು ಬೆರಳಲ್ಲಿ ಎರಡೇ ಸುತ್ತು ತಿರುಗಿಸಿ ಬಿಟ್ಟು, "ಹಿತ್ತಾಳೆ ಅಳತೆಗೆ ಸರಿ. ಮುಂದಿನದು ಹಲಗೆಯವರು" ಎಂದು ಬರೆದಳು. ಎರಡು ದಿನ ಕಳೆದು ಬಂದರೆ ಹೊರಗಡೆ ಹಿತ್ತಾಳೆಯ ಅಂಚಿನ ಸುತ್ತ ದೋಣಿಯ ಬಣ್ಣ ನೀಟಾಗಿ ಬಳಿದಿತ್ತು. ಅವನ ಕೆಲಸ ಮುಗಿದಿದೆ ಎಂದುಕೊಂಡು ಅವಳು ದೊಡ್ಡ ಸ್ಪ್ಯಾನರಿನಲ್ಲಿ ನಟ್ಟು ಬಿಗಿದಳು.

ದೋಣಿಯನ್ನು ನೀರಿಗಿಳಿಸಿದ ದಿನ ನಟ್ಟಿನ ಸುತ್ತ ನಾಲ್ಕು ಹನಿ ನೀರು ಜಿನುಗಿತು. ಅವಳು ನೋಡಿದಳು. ತಿಂಗಳುಗಟ್ಟಲೆ ದಡದಲ್ಲಿದ್ದ ಮರ ಒಣಗಿರುತ್ತದೆ, ನೀರು ಕುಡಿದು ಉಬ್ಬಿ ತಾನೇ ಮುಚ್ಚಿಕೊಳ್ಳುತ್ತದೆ, ಅದೇನಿದ್ದರೂ ಅವನ ಮರ ಎಂದುಕೊಂಡಳು. ಮಾರನೆಯ ದಿನ ಬೆಳಕು ಹರಿಯುವಾಗ ತಮ್ಮ ಹೊರಟ. ಅವನ ಹೆಂಡತಿಯ ಮೊಣಕಾಲು ಬಾತುಕೊಂಡಿತ್ತು, ಹಾಗಾಗಿ ಒಬ್ಬನೇ ಹೋದ.

ಅವತ್ತು ಒಂಬತ್ತು ಗಂಟೆಗೆ ಮಿಸ್ತ್ರಿಯಕ್ಕ ಇನ್ನೊಬ್ಬರ ಎಂಜಿನ್ ಬಿಚ್ಚಲು ಕೂತಿದ್ದಳು. ಸ್ಕ್ರೂಡ್ರೈವರಿಗೆಂದು ಪೆಟ್ಟಿಗೆಯ ತಳಕ್ಕೆ ಕೈ ಹಾಕಿದರೆ ಒಂದು ಬಿಳಿಯ ಟ್ಯೂಬು ಸಿಕ್ಕಿತು. ನೀರು ಸೋರದಂತೆ ಹಿತ್ತಾಳೆಗೂ ಮರಕ್ಕೂ ನಡುವೆ ಹಚ್ಚುವ ಅಂಟು. ಎರಡು ಟ್ಯೂಬು ತಂದು ಒಂದನ್ನು ಅವನ ಸಾಮಾನಿನ ಜೊತೆ ಇಟ್ಟಿದ್ದಳು, ಇನ್ನೊಂದನ್ನು ಬೇಕಾದರೆ ಇರಲಿ ಎಂದು ಪೆಟ್ಟಿಗೆಗೆ ಹಾಕಿಕೊಂಡಿದ್ದಳು. ದೋಣಿಗೆ ನೀರು ನುಗ್ಗದಂತೆ ಸಂದು ಮುಚ್ಚುವುದು ಅಪ್ಪನ ಕಾಲದಿಂದಲೂ ಹಲಗೆಯ ಕೆಲಸ. ಅವನು ಹಚ್ಚಿಯೇ ಇರುತ್ತಾನೆ. ಹಚ್ಚದೆ ಬಣ್ಣ ಬಳಿಯುತ್ತಾನೆಯೇ?

ಹೀಗೆ ತನಗೆ ತಾನೇ ಹೇಳಿಕೊಂಡು ಸ್ಕ್ರೂ ತಿರುಗಿಸತೊಡಗಿದಳು. ಆ ನಾಲ್ಕು ಹನಿ ನೆನಪಾಯಿತು. ಮರ ಉಬ್ಬಿ ಮುಚ್ಚಿಕೊಳ್ಳುವುದು ಹಲಗೆ ಹಲಗೆಯ ಸಂದಿನಲ್ಲಿ. ಅಂಟು ಹಚ್ಚಿದ ಹಿತ್ತಾಳೆಯ ಸುತ್ತ ಒಂದು ಹನಿಯೂ ಬರಬಾರದು. ಮೂವತ್ತು ವರ್ಷದಿಂದ ಈ ಕೆಲಸ ಮಾಡುವವಳಿಗೆ ಇದು ನಿನ್ನೆಯೇ ಹೊಳೆಯಬೇಕಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಟ್ಯೂಬು ಹಿಡಿದುಕೊಂಡು ಶೆಡ್ಡಿಗೆ ಓಡಿದಳು.

ತಮ್ಮನ ಹೆಂಡತಿ ಕಾಲು ಚಾಚಿ ಕೂತು ಬಲೆ ಹೊಲಿಯುತ್ತಿದ್ದಳು.

"ಅವನ ಅಂಟಿನ ಟ್ಯೂಬ್ ಎಲ್ಲಿದೆ?"

"ಅಂಟಾ? ಅಲ್ಲೇ ಮರದ ಒಟ್ಟಿನ ಮೇಲಿದೆ ನೋಡಿ ಅಕ್ಕಾ. ಯಾಕೆ?"

ಮರದ ಒಟ್ಟಿನ ಮೇಲೆ ಟ್ಯೂಬು ಇತ್ತು. ಮುಚ್ಚಳ ತಿರುಗಿಸಿರಲಿಲ್ಲ, ಮೂತಿ ಕತ್ತರಿಸಿರಲಿಲ್ಲ. ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇತ್ತು.

"ಅವನು ಇದನ್ನ ಹಚ್ಚಲೇ ಇಲ್ವಾ?"

"ಹಿತ್ತಾಳೆಗೆ ಹಚ್ಚೋದಲ್ವಾ, ಅದು ಯಂತ್ರದ ಕಡೆ ಕೆಲಸ, ಅವಳೇ ಹಚ್ಚಿ ಬಿಗಿದಿರ್ತಾಳೆ ಅಂದ್ರು. ಅವರೇನಿದ್ರೂ ಬಣ್ಣ..." ಎನ್ನುತ್ತ ಆಕೆ ತಲೆಯೆತ್ತಿ ಮಿಸ್ತ್ರಿಯಕ್ಕನ ಮುಖ ನೋಡಿದಳು. ನಾಲ್ಕು ವರ್ಷ ಇವರಿಬ್ಬರ ಸ್ಲೇಟು ಓದಿದವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. "ಅಕ್ಕಾ, ನೀವೂ ಹಚ್ಚಿಲ್ವಾ?"

ಇವಳು ಎರಡೂ ಟ್ಯೂಬನ್ನು ಅಂಗಿಯ ಜೇಬಿಗೆ ತುರುಕಿಕೊಂಡು ಬಂದರಿನ ಆಫೀಸಿನ ಕಡೆ ಓಡಿದಳು. ಹಿಂದಿನಿಂದ ಆಕೆ ಕುಂಟುತ್ತ, ಅಳುತ್ತ, ಬೈಯುತ್ತ ಬರುವುದು ಕೇಳಿಸುತ್ತಿತ್ತು. ಓಡುತ್ತಲೇ ಮಿಸ್ತ್ರಿಯಕ್ಕನಿಗೆ ಎಲ್ಲವೂ ಕಣ್ಣಿಗೆ ಕಟ್ಟಿತು. ದಡದಲ್ಲಿ ನಾಲ್ಕು ಹನಿ. ಎಂಜಿನ್ ಮೂರು ಗಂಟೆ ನಡುಗಿದ ಮೇಲೆ ಬಣ್ಣದ ಪದರ ಬಿರಿದಿರುತ್ತದೆ. ಅಂಟು ಹಿಡಿಯದ ನಟ್ಟು ಅಲುಗಿ ಅಲುಗಿ ಸಡಿಲವಾಗಿರುತ್ತದೆ. ವಾಲ್ವು ಮುಚ್ಚಿದರೂ ಪ್ರಯೋಜನವಿಲ್ಲ, ನೀರು ಬರುವುದು ಹಿತ್ತಾಳೆಯ ಒಳಗಿನಿಂದಲ್ಲ, ಸುತ್ತಿನಿಂದ. ಬಿಗಿಯೋಣವೆಂದರೆ ದೊಡ್ಡ ಸ್ಪ್ಯಾನರ್ ತನ್ನ ಪೆಟ್ಟಿಗೆಯಲ್ಲಿದೆ. ಯಂತ್ರದ ಉಪಕರಣ ಮರದ ಮೇಲೆ ಬಿಡಬಾರದು ಎಂದು ಅವಳೇ ಸ್ಲೇಟಿನಲ್ಲಿ ಬರೆದಿದ್ದಳು.

ಆಫೀಸು ಎಂದರೆ ಒಂದೇ ಕೋಣೆ. ಗೋಡೆಗೆ ಒರಗಿದ ಬೆಂಚು, ಒಂದು ಮೇಜು, ಅದರ ಮೇಲೆ ರೇಡಿಯೋ. ರೇಡಿಯೋ ನೋಡಿಕೊಳ್ಳುವ ಗುಮಾಸ್ತ ಬಾಗಿಲಿಗೆ ಬೆನ್ನು ಹಾಕಿ ಮೈಕಿನಲ್ಲಿ ಮಾತಾಡುತ್ತಿದ್ದ. ಅವಳು ಹೊಸ್ತಿಲಿನಲ್ಲೇ ನಿಂತಳು. ರೇಡಿಯೋದಿಂದ ಬರುತ್ತಿದ್ದದ್ದು ತಮ್ಮನ ದನಿ.

"ಮುಂದಿನ ಹಲಗೆ ಬಿಟ್ಟಿರ್ಬೇಕು. ಪಾದ ಮುಳುಗೋಷ್ಟು ನೀರಿದೆ. ಪಂಪು ಓಡ್ತಾ ಇದೆ, ಆದ್ರೆ ತಾಳ್ತಿಲ್ಲ. ನಾನು ಮುಂದಗಡೆ ನೆಲಹಲಗೆ ಕೀಳ್ತಾ ಇದ್ದೀನಿ, ಎಲ್ಲಿಂದ ಬರ್ತಿದೆ ಗೊತ್ತಾಗ್ತಿಲ್ಲ."

"ನಿನ್ನ ಹತ್ರ ಇರೋ ದೋಣಿಗೆ ಹೇಳಿದ್ದೀನಿ. ಅವರು ಬರೋಕೆ ಎರಡು ಗಂಟೆ ಬೇಕು. ತಡ್ಕೋತೀಯಾ?"

"ಎರಡು ಗಂಟೆನಾ?" ದನಿ ಕರಕರ ಎಂದಿತು. "ತಪ್ಪು ನಂದೇ. ಹೊಸ ತೂತು ಕೊರೆಯೋವಾಗ ಹಲಗೆ ಅದುರಿ ಮುಂದಗಡೆ ಸಂದು ಬಿಟ್ಟಿರತ್ತೆ. ಯಂತ್ರದ ಕೆಲ್ಸ ಸರಿಯಾಗೇ ಇದೆ. ಅವಳಿಗೆ ಯಾರೂ ಏನೂ ಅನ್ಬೇಡಿ."

ಅವನು ಸಾಯುವ ಹೊತ್ತಿನಲ್ಲಿ ತಪ್ಪನ್ನೂ ತನ್ನ ಪಾಲಿಗೇ ಹಾಕಿಕೊಳ್ಳುತ್ತಿದ್ದ. ಮುಂದಗಡೆ ಹುಡುಕುತ್ತಿದ್ದಾನೆ, ನೀರು ಬರುತ್ತಿರುವುದು ಹಿಂದಗಡೆ, ಎಂಜಿನ್ನಿನ ಕೆಳಗಿನಿಂದ. ಆ ಕಡೆ ಅವನು ತಿರುಗಿಯೂ ನೋಡುವುದಿಲ್ಲ. ಅಕ್ಕನ ಕೈ ಮುಟ್ಟಿದ ಕೆಲಸ ಸೋರುತ್ತದೆ ಎಂದು ಅವನಿಗೆ ಹೊಳೆಯುವುದೇ ಇಲ್ಲ. ನಾಲ್ಕು ವರ್ಷ ಮಾತು ಬಿಟ್ಟಿದ್ದ, ನಂಬಿಕೆ ಬಿಟ್ಟಿರಲಿಲ್ಲ.

"ಅವನಿಗೆ ಹೇಳಿ," ಎಂದಳು ಗುಮಾಸ್ತನಿಗೆ, ಏದುಸಿರು ಬಿಡುತ್ತ. "ಹಲಗೆ ಅಲ್ಲ ಅಂತ ಹೇಳಿ. ನೀರುಬಾಯಿ ನೋಡೋಕೆ ಹೇಳಿ."

ಗುಮಾಸ್ತ ತಿರುಗಿದ. ಇವರ ಮೌನ ಬಂದರಿಗೆಲ್ಲ ಗೊತ್ತಿದ್ದದ್ದೇ. ಅವನಿಗೆ ಕೋಪ ನೆತ್ತಿಗೇರಿತು. "ನಾನ್ಯಾಕಮ್ಮ ಹೇಳ್ಲಿ? ಅವನು ಅಲ್ಲಿ ಮುಳುಗ್ತಾ ಇದ್ದಾನೆ, ಈಗ್ಲೂ ನಿಮಗೆ ನಡುವೆ ಒಬ್ಬರು ಬೇಕಾ? ಸ್ಲೇಟ್ ತಂದುಕೊಡ್ಲಾ?" ಎಂದು ಮೈಕನ್ನು ಅವಳ ಕೈಗೆ ತುರುಕಿದ. "ಒತ್ತಿ ಹಿಡಿದು ಮಾತಾಡಿ. ಬಿಟ್ರೆ ಅವನ ಮಾತು ಕೇಳತ್ತೆ."

ಅವಳು ಒತ್ತಿದಳು. ಏನೆಂದು ಕರೆಯಬೇಕು? ಹಲಗೆಯವರೇ ಎನ್ನಬೇಕೇ?

"ಮೊಂಡಾ," ಎಂದಳು. "ನಾನು ಕಣೋ, ಅಕ್ಕ."

ಬಿಟ್ಟಳು. ರೇಡಿಯೋ ಸುಯ್ಯೆಂದಿತು, ಅಷ್ಟೇ. ಅವಳು ಮತ್ತೆ ಒತ್ತಿದಳು. ಈಗ ಮಾತು ತಡೆಯಿಲ್ಲದೆ ಬಂತು. ನಿನ್ನ ಹಲಗೆ ಚೆನ್ನಾಗಿದೆ, ನೀರುಬಾಯಿಗೆ ನಾನು ಅಂಟು ಹಚ್ಚಿಲ್ಲ, ನೀನು ಹಚ್ಚಿದ್ದೀಯ ಅಂದ್ಕೊಂಡೆ, ತಪ್ಪು ನಂದು. ಎಂಜಿನ್ ಕೆಳಗೆ ಕೈ ಹಾಕು. ಹಲಗೆ ಸಂದಿಗೆ ತುಂಬೋ ನಿನ್ನ ಹತ್ತಿ ಹುರಿಗೆ ಗ್ರೀಸ್ ಹಚ್ಚಿ ನಟ್ಟಿನ ಸುತ್ತ ತುರುಕು. ಸ್ಪ್ಯಾನರ್ ಇಲ್ಲ, ನಿನ್ನ ಉಳಿ ತಗೊಂಡು ನಟ್ಟಿನ ಅಂಚಿಗೆ ಇಟ್ಟು ಕೊಡತೀಲಿ ಹೊಡಿ, ಬಲಕ್ಕೆ ತಿರುಗಬೇಕು, ಬಲಕ್ಕೆ. ಬ್ಯಾಟರಿ ಪಂಪು ನಿಂತ್ರೆ ಕೈಪಂಪು ಇದೆ, ನಾಲ್ಕು ಬೋಲ್ಟು, ಗಟ್ಟಿ ಇದೆ. ಕೇಳಿಸ್ತಾ? ಮೊಂಡಾ, ಕೇಳಿಸ್ತಾ?

ಬಿಟ್ಟಳು. ಸುಯ್ಯೆನ್ನುವ ಸದ್ದು. ಮತ್ತೆ ಒತ್ತಿದಳು, ಮತ್ತೆ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಮೂರನೆಯ ಸಲ ಹೇಳುವಾಗ ಗುಮಾಸ್ತ ಮೆಲ್ಲಗೆ ಅವಳ ಕೈಯಿಂದ ಮೈಕು ಬಿಡಿಸಿಕೊಂಡ. ಅವನ ಕೋಪವೆಲ್ಲ ಇಳಿದುಹೋಗಿತ್ತು.

"ಆ ಕಡೆ ಸೆಟ್ ನಿಂತಿದೆ ಅಕ್ಕಾ. ಬ್ಯಾಟರಿಗೆ ನೀರು ಹೋಗಿರ್ಬೇಕು."

"ಯಾವಾಗ ನಿಂತೋಯ್ತು? ನಾನು ಹೇಳಿದ್ದು ಎಲ್ಲಾ ಕೇಳಿಸ್ಕೊಂಡ್ನಾ?"

"ಅದು ಹೇಗೆ ಗೊತ್ತಾಗತ್ತೆ?" ಎಂದ ಅವನು.

ತಮ್ಮನ ಹೆಂಡತಿ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಇವತ್ತು ಅಷ್ಟೊಂದು ಮಾತಾಡಿದ್ರಲ್ಲ ಅಕ್ಕಾ," ಎಂದಳು. "ನೆನ್ನೆ ಒಂದು ಮಾತು ಆಡೋಕೆ ಏನಾಗಿತ್ತು? ಅಂಟು ಹಚ್ಚಿದ್ಯೇನೋ ಅಂತ ಒಂದೇ ಒಂದು ಮಾತು. ಇಬ್ಬರೂ ಸೇರ್ಕೊಂಡು ನನ್ನ ಗಂಡನ್ನ ನೀರಿಗೆ ಹಾಕಿದ್ರಿ." ಆಮೇಲೆ ಬೆಂಚಿನ ಮೇಲೆ ಕುಸಿದು ಬಾತ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮಿಸ್ತ್ರಿಯಕ್ಕ ಹತ್ತಿರ ಹೋಗಲು ಧೈರ್ಯ ಸಾಲದೆ ಹೊರಗೆ ಬಂದಳು.

ಬಂದರಿನ ಕಟ್ಟೆಯ ತುದಿಯಲ್ಲಿ ನಿಂತಳು. ಸಮುದ್ರ ಸುಮ್ಮನೆ ಬಿಸಿಲು ಕಾಯುತ್ತಿತ್ತು, ಏನೂ ಆಗಿಲ್ಲವೆಂಬಂತೆ. ಎರಡು ಗಂಟೆ. ಬ್ಯಾಟರಿಗೆ ನೀರು ಮುಟ್ಟಿದೆ ಎಂದರೆ ರೇಡಿಯೋ ಮಾತ್ರವಲ್ಲ, ಪಂಪೂ ನಿಂತಿದೆ. ಎಂಜಿನ್ನಿನ ಅರ್ಧ ನೀರಿನಲ್ಲಿದೆ. ಒಬ್ಬನೇ ಇದ್ದಾನೆ. ಕೈಪಂಪು ಒತ್ತಲು ಹೋದರೆ ತೂತು ಹುಡುಕುವವರಿಲ್ಲ, ತೂತು ಹುಡುಕಲು ಹೋದರೆ ಪಂಪು ಒತ್ತುವವರಿಲ್ಲ. ಅದೂ ತಪ್ಪು ಕಡೆ ಹುಡುಕುತ್ತಿದ್ದಾನೆ, ಒಳ್ಳೆಯ ಹಲಗೆಗಳನ್ನು ಒಂದೊಂದಾಗಿ ಕೀಳುತ್ತಿದ್ದಾನೆ. ಒಂದು ಅಟ್ಟಣಿಗೆ ಇದ್ದಿದ್ದರೆ ಬ್ಯಾಟರಿ ಇನ್ನೊಂದು ಗಂಟೆ ಬದುಕುತ್ತಿತ್ತು. ಆ ಮರದ ಒಟ್ಟು ಕಂಡಾಗಲೇ ತಾನೇ ನಾಲ್ಕು ಮೊಳೆ ಹೊಡೆದು ಅಟ್ಟಣಿಗೆ ಮಾಡಬಹುದಿತ್ತು. ಬೈದರೆ ಬೈಯಲಿ ಎನ್ನಬಹುದಿತ್ತು. ಬೈದಿದ್ದರೆ ಮಾತಾದರೂ ಆಡಿದಂತಾಗುತ್ತಿತ್ತು.

ಅಪ್ಪನ ಮೇಲೂ ಸಿಟ್ಟು ಬಂತು. ಪಾಲು ಮಾಡುವವನು ಆ ಸಂದನ್ನು ಯಾರಿಗೆ ಕೊಟ್ಟ? ಮರ ಇವನಿಗೆ, ಹಿತ್ತಾಳೆ ಇವಳಿಗೆ, ಎರಡರ ನಡುವೆ ಕಾಗದದಷ್ಟು ಜಾಗ ಯಾರಿಗೂ ಸೇರಲಿಲ್ಲ. ಅಲ್ಲಿಂದ ಸಮುದ್ರ ಬಂತು. ಇಲ್ಲ, ಅಪ್ಪನ ತಪ್ಪೇನಿದೆ, ತಾನು ಕಂಡ ಆ ನಾಲ್ಕು ಹನಿಯನ್ನು ಅಪ್ಪ ಕಂಡಿರಲಿಲ್ಲ. ಅವಳು ಬಾಯಿಬಿಟ್ಟು ಅತ್ತಳು. ಬಲೆ ಒಣಗಿಸುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಮಿಸ್ತ್ರಿಯಕ್ಕ ಅತ್ತದ್ದನ್ನು ಯಾರೂ ನೋಡಿದವರಿರಲಿಲ್ಲ, ಅಪ್ಪ ಹೋದಾಗಲೂ ಅವಳು ಎಂಜಿನ್ ಕೆಳಗೆ ಹೋಗಿ ಅತ್ತಿದ್ದಳು.

ಎರಡು ಗಂಟೆ ಕಳೆಯಿತು. ಮೂರಾಯಿತು. ಸಹಾಯಕ್ಕೆ ಹೋದ ದೋಣಿಯ ರೇಡಿಯೋ ಹಳೆಯದು, ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ; ಈಗ ಸಿಗುತ್ತಿರಲಿಲ್ಲ. ಅವಳು ಮೂರು ಸಲ ಆಫೀಸಿನ ಬಾಗಿಲಿಗೆ ಹೋಗಿ ಗುಮಾಸ್ತನ ಮುಖ ನೋಡಿ ವಾಪಸು ಬಂದಳು. ನಾಲ್ಕನೆಯ ಸಲ ಹೋಗಲಿಲ್ಲ. ಜೇಬಿನಲ್ಲಿದ್ದ ಎರಡು ಟ್ಯೂಬು ಮೈಗೆ ಒತ್ತುತ್ತಿದ್ದವು.

ಹೊತ್ತು ಇಳಿಯುವಾಗ ಗುಮಾಸ್ತ ಓಡಿಬಂದ. "ಸಿಕ್ತು! ಎಳ್ಕೊಂಡು ಬರ್ತಾ ಇದ್ದಾರಂತೆ!"

"ಅವನೋ? ದೋಣಿಯೋ?"

"ಎರಡೂ," ಎಂದ ಅವನು. "ಎರಡೂ ಅಂತೆ."

ನಂಬುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಕಣ್ಣಾರೆ ಕಂಡ ಮೇಲೆಯೇ ನಂಬಿದಳು. ಮುಂದೆ ಒಂದು ದೋಣಿ, ಹಗ್ಗದ ಹಿಂದಿನ ತುದಿಯಲ್ಲಿ ಅಪ್ಪನ ದೋಣಿ, ಅಂಚಿನವರೆಗೂ ನೀರಿಗಿಳಿದು ಭಾರವಾಗಿ ಬರುತ್ತಿತ್ತು. ಅದರೊಳಗೆ ತಮ್ಮ ಕೂತಿದ್ದ, ಮೈಮೇಲೆ ಅಂಗಿಯಿಲ್ಲ. ಕೈಪಂಪಿನ ಹಿಡಿ ಒತ್ತುತ್ತಿದ್ದ. ಬಂದರು ಮುಟ್ಟಿದರೂ ಒತ್ತುತ್ತಲೇ ಇದ್ದ.

ಅವಳು ನೀರಿಗಿಳಿದು ದೋಣಿ ಹತ್ತಿದಳು. ಅವನ ಮುಖ ನೋಡದೆ ಮೊದಲು ಎಂಜಿನ್ ಕೆಳಗೆ ಕೈ ಹಾಕಿದಳು. ನಟ್ಟಿನ ಸುತ್ತ ಗ್ರೀಸಿನ ಹತ್ತಿ ಹುರಿ, ಅದರ ಮೇಲೆ ಹರಿದ ಅಂಗಿಯ ತುಂಡುಗಳು ಬಿಗಿಯಾಗಿ ತುಂಬಿದ್ದವು. ನಟ್ಟಿನ ಅಂಚಿನಲ್ಲಿ ಉಳಿಯ ಗಾಯಗಳು ಬೆರಳಿಗೆ ಸಿಕ್ಕವು. ಬಲಕ್ಕೇ ತಿರುಗಿಸಿದ್ದ. ನೀರು ಇನ್ನೂ ಜಿನುಗುತ್ತಿತ್ತು, ಹನಿ ಹನಿಯಾಗಿ. ಹಾಗಾದರೆ ಹೇಳಿದ್ದೆಲ್ಲ ಕೇಳಿಸಿತ್ತು. ಅವಳಿಗೆ ಜೀವ ಬಂದಂತಾಯಿತು.

"ಸಾಕು ಬಿಡೋ," ಎಂದಳು. ಅವನ ಬೆರಳುಗಳು ಹಿಡಿಯ ಸುತ್ತ ಸೆಟೆದುಕೊಂಡಿದ್ದವು, ಬಿಡಲು ಬರುತ್ತಿರಲಿಲ್ಲ. ಅವಳು ಪಕ್ಕದಲ್ಲಿ ಕೂತು ಒಂದೊಂದೇ ಬೆರಳು ಬಿಡಿಸಿದಳು. ಅಂಗೈಯಲ್ಲಿ ಚರ್ಮವಿರಲಿಲ್ಲ. ಮೇಲೆ ಕಟ್ಟೆಯಿಂದ ಅವನ ಹೆಂಡತಿ ಇಬ್ಬರಿಗೂ ಸೇರಿಸಿ ಬೈಯುತ್ತ ಅಳುತ್ತಿದ್ದಳು.

"ರೇಡಿಯೋದಲ್ಲಿ ಹೇಳಿದ್ದು ಎಲ್ಲಾ ಕೇಳಿಸ್ತಲ್ಲ," ಎಂದಳು ಅಕ್ಕ. "ನಾನು ಸೆಟ್ ಸತ್ತೋಗಿದೆ ಅಂದ್ಕೊಂಡಿದ್ದೆ."

"ಏನು ಹೇಳ್ದೆ?"

"ಹತ್ತಿ ತುರುಕು, ಉಳೀಲಿ ಹೊಡಿ ಅಂತ."

ಅವನು ಇಲ್ಲವೆಂದು ತಲೆಯಾಡಿಸಿದ. "ಮೊಂಡಾ, ನಾನು ಕಣೋ, ಅಕ್ಕ ಅಂದೆ. ಅಷ್ಟಕ್ಕೇ ಸೆಟ್ ನಿಂತೋಯ್ತು."

"ಮತ್ತೆ ನೀರುಬಾಯಿ ಹತ್ರ ಯಾಕೆ ಹೋದೆ?"

ಅವನು ತನ್ನ ಅಂಗೈ ನೋಡಿಕೊಂಡ. "ನಾಲ್ಕು ವರ್ಷದಿಂದ ಕರೆದವಳಲ್ಲ ನೀನು," ಎಂದ. "ಹಲಗೆ ತಪ್ಪಾಗಿದ್ರೆ ನಾನು ಸತ್ರೂ ನೀನು ಸ್ಲೇಟಲ್ಲೇ ಬರೀತಿದ್ದೆ. ನೀನಾಗೇ ಬಾಯಿಬಿಟ್ಟು ಕರೆದೆ ಅಂದ್ರೆ, ತಪ್ಪು ನಿನ್ನ ಕಡೇನೇ ಇರ್ಬೇಕು ಅನ್ನಿಸ್ತು. ಹಲಗೆ ಕೀಳೋದು ಬಿಟ್ಟು ಎಂಜಿನ್ ಕಡೆ ಹೋದೆ."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲು ಕೈ ಏಳಲಿಲ್ಲ. ಜೇಬಿನಿಂದ ಎರಡೂ ಟ್ಯೂಬು ತೆಗೆದು ಅವನ ತೊಡೆಯ ಮೇಲಿಟ್ಟಳು. ಎರಡರ ಮುಚ್ಚಳವೂ ತೆಗೆದಿರಲಿಲ್ಲ. ಅವನು ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ, ಮರದ ಹುಡಿ ಮೆತ್ತಿದ್ದ ತನ್ನದನ್ನು ಗುರುತು ಹಿಡಿದ. ಆಗ ಅವನಿಗೂ ಅರ್ಥವಾಯಿತು. ಅಷ್ಟು ಹೊತ್ತು ನೆಟ್ಟಗೆ ಕೂತಿದ್ದವನು ಅವಳ ಹೆಗಲಿಗೆ ಮುಖ ಇಟ್ಟು ಬಿಕ್ಕಳಿಸಿದ. ಬೆಳಗಿನಿಂದ ಅವಳ ಅಂಗಿಗೆ ಮೆತ್ತಿದ್ದ ಎಂಜಿನ್ ಎಣ್ಣೆ ಅವನ ಕೆನ್ನೆಗೆ ಅಂಗೈಯಗಲ ಹತ್ತಿತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ.